ಬ್ರೂಕ್ಲಿನ್‌ನ ಇಪ್ಪತ್ತೆರಡು ರೋಗಿಗಳು

ಬೇರೊಬ್ಬರ ಚರ್ಮವನ್ನು ತಂದು ಕಸಿ ಮಾಡಿದರೆ ದೇಹ ಅದನ್ನು ಕೆಲವೇ ವಾರಗಳಲ್ಲಿ ಉದುರಿಸಿ ಹಾಕುತ್ತದೆ. ಅದೇ ದೇಹ ತನ್ನೊಳಗೆ ಹುಟ್ಟಿದ ಕ್ಯಾನ್ಸರ್ ಗೆಡ್ಡೆಯನ್ನು ಮಾತ್ರ ಬೆಳೆಯಲು ಬಿಟ್ಟುಕೊಂಡಿರುತ್ತದೆ. ಇದು ಯಾಕೆ ಹೀಗೆ ಎಂಬ ಪ್ರಶ್ನೆ ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಮೆರಿಕದ ಸಂಶೋಧಕರನ್ನು ಬಿಡದೆ ಕಾಡಿತು. ರೋಗಿಯ ನಿರೋಧಕ ಶಕ್ತಿಯಲ್ಲೇ ಏನೋ ಕೊರತೆ ಇರಬೇಕು, ಆ ಕೊರತೆ ಯಾವುದೆಂದು ಗೊತ್ತಾದರೆ ಔಷಧಿಯ ದಾರಿಯೂ ತೆರೆದೀತು ಎಂದು ನಂಬಿದವರಲ್ಲಿ ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯ ಡಾ. ಚೆಸ್ಟರ್ ಸೌಥಮ್ ಒಬ್ಬರು. ಅವರು ಹೆಸರುವಾಸಿ ವಿಜ್ಞಾನಿ, ಪ್ರಾಮಾಣಿಕ ಜಿಜ್ಞಾಸು. ಮುಂದೆ ನಡೆದುದನ್ನು ಓದುವಾಗ ಈ ಮಾತನ್ನು ಮರೆಯಬಾರದು. ಕೆಟ್ಟ ಮನುಷ್ಯನೊಬ್ಬ ಮಾಡಿದ ಕೆಟ್ಟ ಕೆಲಸ ಎಂದು ಬದಿಗಿಟ್ಟರೆ ಈ ಪ್ರಕರಣದಿಂದ ನಾವು ಕಲಿಯುವುದು ಏನೂ ಇರುವುದಿಲ್ಲ.

1954ರಲ್ಲಿ ಸೌಥಮ್ ತಮ್ಮ ಆಸ್ಪತ್ರೆಯ ಕ್ಯಾನ್ಸರ್ ರೋಗಿಗಳ ಮುಂಗೈ ಚರ್ಮದ ಅಡಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚತೊಡಗಿದರು. ಆ ಕೋಶಗಳ ಹಿಂದೆಯೂ ಒಂದು ಕಥೆಯಿತ್ತು. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ 1951ರ ಅಕ್ಟೋಬರ್ 4ರಂದು ಗರ್ಭಕೊರಳಿನ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ 31 ವರ್ಷದ ಕಪ್ಪು ಮಹಿಳೆ, ಐದು ಮಕ್ಕಳ ತಾಯಿ. ಅವರ ಗೆಡ್ಡೆಯಿಂದ ತೆಗೆದ ಒಂದು ಚೂರು ಜಾರ್ಜ್ ಗೈ ಅವರ ಪ್ರಯೋಗಾಲಯದಲ್ಲಿ ಸಾಯದೆ ಬೆಳೆಯುತ್ತಲೇ ಹೋಯಿತು, ಹೀಲಾ ಎಂಬ ಹೆಸರಿನಲ್ಲಿ ಜಗತ್ತಿನ ಲ್ಯಾಬುಗಳಿಗೆಲ್ಲ ಹಂಚಿಹೋಯಿತು. ಲ್ಯಾಕ್ಸ್ ಅವರನ್ನು ಯಾರೂ ಕೇಳಿರಲಿಲ್ಲ. ಅವರ ಮನೆಯವರಿಗೆ ಎರಡು ದಶಕ ಕಳೆಯುವವರೆಗೆ ವಿಷಯವೇ ಗೊತ್ತಿರಲಿಲ್ಲ. ಹೀಗೆ ಒಬ್ಬರನ್ನು ಕೇಳದೆ ತೆಗೆದುಕೊಂಡ ಕೋಶಗಳು ಈಗ ಬೇರೆಯವರ ದೇಹಕ್ಕೆ ಸೇರಿದವು. ಅವರಿಗೂ ಅದು ಏನೆಂದು ಹೇಳಲಿಲ್ಲ.

ಚುಚ್ಚಿದ ಜಾಗದಲ್ಲಿ ಗಂಟು ಎದ್ದಿತು. ಹಲವರಲ್ಲಿ ಅದು ವಾರಗಟ್ಟಲೆ ಉಳಿದು ನಿಧಾನವಾಗಿ ಕರಗಿತು. ಕೆಲವರಲ್ಲಿ ಕತ್ತರಿಸಿ ತೆಗೆದರೂ ಮತ್ತೆ ಬೆಳೆಯಿತು. ಒಬ್ಬ ರೋಗಿಯಲ್ಲಿ ದುಗ್ಧಗ್ರಂಥಿಗೂ ಹರಡಿತು. ಹಾಗಾದರೆ ಆರೋಗ್ಯವಂತರ ದೇಹ ಏನು ಮಾಡುತ್ತದೆ? ಇದನ್ನು ತಿಳಿಯಲು 1956ರಲ್ಲಿ ಸೌಥಮ್ ಓಹಾಯೋ ರಾಜ್ಯದ ಸೆರೆಮನೆಗೆ ಹೋದರು. ಕೈದಿಗಳು ತಾವಾಗಿ ಮುಂದೆ ಬಂದರು. ಮುಂದಿನ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ತೋಳು ಚಾಚಿದರು. ಅವರ ದೇಹ ಕೋಶಗಳನ್ನು ಬೇಗನೆ ಹೊರಹಾಕಿತು. ಸೆರೆಯಲ್ಲಿರುವವನ ಒಪ್ಪಿಗೆಯನ್ನು ಸ್ವತಂತ್ರ ಒಪ್ಪಿಗೆ ಎನ್ನಬಹುದೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಆ ಕೈದಿಗಳಿಗೆ ತಮ್ಮ ದೇಹದೊಳಗೆ ಹೋಗುತ್ತಿರುವುದು ಕ್ಯಾನ್ಸರ್ ಎಂಬುದಾದರೂ ಗೊತ್ತಿತ್ತು. ಯಾವ ಅಪರಾಧವನ್ನೂ ಮಾಡದೆ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದವರಿಗೆ ಅಷ್ಟೂ ಗೊತ್ತಿರಲಿಲ್ಲ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯಿತು. ಕ್ಯಾನ್ಸರ್ ರೋಗಿಗಳ ದೇಹ ನಿಧಾನವಾಗಿ ಪ್ರತಿಕ್ರಿಯಿಸುವುದಕ್ಕೆ ಕಾರಣ ಕ್ಯಾನ್ಸರೇ ಅಥವಾ ಯಾವುದೇ ದೀರ್ಘ ಕಾಯಿಲೆ ತರುವ ನಿತ್ರಾಣವೇ? ಉತ್ತರ ಬೇಕಿದ್ದರೆ ಕ್ಯಾನ್ಸರ್ ಇಲ್ಲದೆ ಬೇರೆ ರೋಗಗಳಿಂದ ಸೊರಗಿದವರು ಬೇಕು. ಅಂಥವರು ಬ್ರೂಕ್ಲಿನ್‌ನ ಜ್ಯೂಯಿಷ್ ಕ್ರಾನಿಕ್ ಡಿಸೀಸ್ ಹಾಸ್ಪಿಟಲ್‌ನಲ್ಲಿ ಬೇಕಾದಷ್ಟಿದ್ದರು. ಪಾರ್ಶ್ವವಾಯು ಹೊಡೆದವರು, ಪಾರ್ಕಿನ್ಸನ್ ಕಾಯಿಲೆಯವರು, ಮರೆವಿನಲ್ಲಿ ಮುಳುಗಿದ ಮುದುಕರು. ಹಲವರ ಮನೆಮಾತು ಯಿಡ್ಡಿಷ್, ಇಂಗ್ಲಿಷ್ ಸರಿಯಾಗಿ ಬಾರದು. ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕ ಡಾ. ಇಮ್ಯಾನ್ಯುಯೆಲ್ ಮ್ಯಾಂಡೆಲ್ ಒಪ್ಪಿದರು. ಆಸ್ಪತ್ರೆಗೆ ತನ್ನದೇ ಸಂಶೋಧನಾ ಸಮಿತಿಯಿದ್ದರೂ ವಿಷಯ ಅದರ ಮುಂದೆ ಬರಲಿಲ್ಲ. ರೋಗಿಗಳನ್ನು ದಿನವೂ ನೋಡುತ್ತಿದ್ದ ಹಲವು ವೈದ್ಯರಿಗೂ ಹೇಳಲಿಲ್ಲ.

ಚುಚ್ಚುವ ಕೆಲಸವನ್ನು ಮಾಡಿಕೊಡಿ ಎಂದು ಮ್ಯಾಂಡೆಲ್ ಮೂವರು ಕಿರಿಯ ವೈದ್ಯರನ್ನು ಕೇಳಿದರು. ಅವಿರ್ ಕಗನ್, ಡೇವಿಡ್ ಲೀಕ್ಟರ್, ಪೆರಿ ಫರ್ಸ್ಕೋ ಮೂವರೂ ಆಗುವುದಿಲ್ಲ ಎಂದರು. ಈ ರೋಗಿಗಳು ಅರ್ಥ ಮಾಡಿಕೊಂಡು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲ, ಒಪ್ಪಿಗೆಯಿಲ್ಲದೆ ನಾವು ಸೂಜಿ ಹಿಡಿಯುವುದಿಲ್ಲ ಎಂಬುದು ಅವರ ನಿಲುವು. ಮೂವರೂ ಯಹೂದಿಗಳು. ಹಿಟ್ಲರನ ಶಿಬಿರಗಳಲ್ಲಿ ವೈದ್ಯರೇ ಕೈದಿಗಳ ಮೇಲೆ ನಡೆಸಿದ ಪ್ರಯೋಗಗಳು, ಆ ವೈದ್ಯರ ವಿಚಾರಣೆ, 1947ರ ನ್ಯೂರೆಂಬರ್ಗ್ ಸಂಹಿತೆ ಇವೆಲ್ಲ ಅವರಿಗೆ ಕೇವಲ ಹದಿನಾರು ವರ್ಷದ ಹಿಂದಿನ ಸುದ್ದಿ. ಮನುಷ್ಯನ ಸ್ವಇಚ್ಛೆಯ ಒಪ್ಪಿಗೆ ಇಲ್ಲದೆ ಪ್ರಯೋಗ ಕೂಡದು ಎಂಬುದು ಆ ಸಂಹಿತೆಯ ಮೊದಲ ವಿಧಿ. ಅಮೆರಿಕದ ಬಹುಪಾಲು ವೈದ್ಯರು ಅದನ್ನು ನಾಜಿಗಳಿಗೆಂದು ಬರೆದದ್ದು, ನಮಗಲ್ಲ ಎಂದುಕೊಂಡಿದ್ದರು. ಈ ಮೂವರು ಹಾಗೆ ಎಂದುಕೊಳ್ಳಲಿಲ್ಲ.

ಅವರು ನಿರಾಕರಿಸಿದರೂ ಕೆಲಸ ನಿಲ್ಲಲಿಲ್ಲ. 1963ರ ಜುಲೈ ತಿಂಗಳಲ್ಲಿ 22 ರೋಗಿಗಳಿಗೆ ಕೋಶಗಳನ್ನು ಚುಚ್ಚಲಾಯಿತು. ಅವರಲ್ಲಿ 19 ಮಂದಿಗೆ ಕ್ಯಾನ್ಸರ್ ಇರಲಿಲ್ಲ, ಮೂವರಿಗೆ ಇತ್ತು. ದೇಹದ ನಿರೋಧಕ ಶಕ್ತಿಯನ್ನು ನೋಡುವ ಒಂದು ಪರೀಕ್ಷೆ ಇದು, ಒಂದು ಗಂಟು ಏಳುತ್ತದೆ, ಆಮೇಲೆ ಹೋಗುತ್ತದೆ ಎಂದಷ್ಟೇ ಹೇಳಿದರು. ಕ್ಯಾನ್ಸರ್ ಎಂಬ ಮಾತು ಬರಲಿಲ್ಲ. ಬರೆದ ಒಪ್ಪಿಗೆಪತ್ರವೂ ಇರಲಿಲ್ಲ. ಆಗಸ್ಟ್ 27ರಂದು ಮೂವರು ವೈದ್ಯರೂ ರಾಜೀನಾಮೆ ಕೊಟ್ಟು ಹೊರಬಂದರು. ವೃತ್ತಿಜೀವನ ಈಗಷ್ಟೇ ತೊಡಗಿದ್ದವರಿಗೆ ಅದು ಸಣ್ಣ ತ್ಯಾಗವಲ್ಲ. ಹಿರಿಯರ ಶಿಫಾರಸು ಪತ್ರವಿಲ್ಲದೆ ಅಮೆರಿಕದ ವೈದ್ಯಲೋಕದಲ್ಲಿ ಮುಂದಿನ ಮೆಟ್ಟಿಲು ಸಿಗುವುದು ಆಗಲೂ ಕಷ್ಟವಿತ್ತು, ಈಗಲೂ ಕಷ್ಟವಿದೆ.

ವೈಜ್ಞಾನಿಕವಾಗಿ ನೋಡಿದರೆ ಪ್ರಯೋಗ ಫಲ ಕೊಟ್ಟಿತು. ಬೇರೆ ಕಾಯಿಲೆಗಳಿಂದ ನಿತ್ರಾಣರಾದವರ ದೇಹವೂ ಆರೋಗ್ಯವಂತರಷ್ಟೇ ಬೇಗ ಕೋಶಗಳನ್ನು ಹೊರಹಾಕಿತ್ತು. ಅಂದರೆ ಕೊರತೆ ಇದ್ದದ್ದು ಕ್ಯಾನ್ಸರ್ ರೋಗಿಗಳಲ್ಲಿ ಮಾತ್ರ. ಈ ಚುಚ್ಚುಮದ್ದಿನಿಂದ ಯಾರಿಗೂ ಕ್ಯಾನ್ಸರ್ ಬಂದದ್ದು ವರದಿಯಾಗಲಿಲ್ಲ. ಈ ಒಂದು ಸಂಗತಿಯನ್ನೇ ಹಿಡಿದು ಸೌಥಮ್ ತಮ್ಮನ್ನು ಕೊನೆಯವರೆಗೂ ಸಮರ್ಥಿಸಿಕೊಂಡರು.

ಸಂಗತಿ ಆಸ್ಪತ್ರೆಯ ನಾಲ್ಕು ಗೋಡೆಯೊಳಗೇ ಮುಚ್ಚಿಹೋಗಬಹುದಿತ್ತು. ಹಾಗಾಗದಂತೆ ನೋಡಿಕೊಂಡವರು ವಿಲಿಯಂ ಹೈಮನ್. ಇವರು ವಕೀಲರು, ಆಸ್ಪತ್ರೆಯ ಆಡಳಿತ ಮಂಡಳಿಯ ಸದಸ್ಯರು. ರೋಗಿಗಳ ದಾಖಲೆ ತೋರಿಸಿ ಎಂದು ಕೇಳಿದರು. ರೋಗಿಯ ಗುಟ್ಟು ಕಾಪಾಡಬೇಕು ಎಂಬ ಕಾರಣ ಕೊಟ್ಟು ಆಸ್ಪತ್ರೆ ಒಪ್ಪಲಿಲ್ಲ. ಹೈಮನ್ ನ್ಯಾಯಾಲಯಕ್ಕೆ ಹೋದರು. 1964ರ ಜನವರಿಯಲ್ಲಿ ಸುದ್ದಿ ನ್ಯೂಯಾರ್ಕಿನ ಪತ್ರಿಕೆಗಳ ಪುಟಕ್ಕೆ ಬಂತು. ಕೆಳಗಿನ ನ್ಯಾಯಾಲಯ ಹೈಮನ್ ಪರವಾಗಿ ತೀರ್ಪಿತ್ತಿತು, ಮೇಲಿನದು ಅದನ್ನು ತಳ್ಳಿಹಾಕಿತು, ರಾಜ್ಯದ ಅತ್ಯುನ್ನತ ನ್ಯಾಯಾಲಯ 1965ರಲ್ಲಿ ಮತ್ತೆ ಹೈಮನ್ ಕಡೆಗೇ ನಿಂತಿತು. ಆಸ್ಪತ್ರೆಯ ಹೊಣೆ ಹೊತ್ತ ಮಂಡಳಿಯ ಸದಸ್ಯನಿಗೆ ಅದರೊಳಗೆ ನಡೆದದ್ದನ್ನು ತಿಳಿಯುವ ಹಕ್ಕಿದೆ, ರೋಗಿಗಳ ಹೆಸರನ್ನು ಮರೆಮಾಡಿ ದಾಖಲೆ ಕೊಡಬಹುದು ಎಂಬುದು ತೀರ್ಪಿನ ಸಾರ.

ಅಷ್ಟರಲ್ಲಿ ರಾಜ್ಯದ ಅಟಾರ್ನಿ ಜನರಲ್ ಲೂಯಿಸ್ ಲೆಫ್ಕೊವಿಟ್ಜ್ ಸೌಥಮ್ ಮತ್ತು ಮ್ಯಾಂಡೆಲ್ ಇಬ್ಬರ ಮೇಲೂ ದೂರು ಹೂಡಿದ್ದರು. ವೈದ್ಯರ ಪರವಾನಗಿಯ ಮೇಲೆ ಅಧಿಕಾರವಿದ್ದ ಬೋರ್ಡ್ ಆಫ್ ರೀಜೆಂಟ್ಸ್ ಮುಂದೆ ವಿಚಾರಣೆ ನಡೆಯಿತು. ಸೌಥಮ್ ಹೇಳಿದ್ದು ಸರಳವಾಗಿತ್ತು. ಈ ಕೋಶಗಳು ಅಪಾಯಕಾರಿಯಲ್ಲವೆಂದು ನಮಗೆ ಗೊತ್ತು, ಕ್ಯಾನ್ಸರ್ ಎಂದರೆ ಜನ ಸುಮ್ಮನೆ ಹೆದರುತ್ತಾರೆ, ಇಲ್ಲದ ಅಪಾಯದ ಹೆಸರೆತ್ತಿ ರೋಗಿಯನ್ನು ಯಾಕೆ ಕಂಗೆಡಿಸಬೇಕು. ಹಿರಿಯ ವೈದ್ಯರು ಹಲವರು ಬಂದು, ಸಂಶೋಧನೆಯಲ್ಲಿ ಎಲ್ಲರೂ ಮಾಡುವುದು ಹೀಗೆಯೇ ಎಂದು ಅವರ ಪರ ಸಾಕ್ಷಿ ನುಡಿದರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ಶಿಕಾಗೋದ ಆಸ್ಪತ್ರೆಯೊಂದರ ವೈದ್ಯರಲ್ಲಿ ನಡೆಸಿ 1961ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಶೇ 90ರಷ್ಟು ಮಂದಿ ರೋಗಿಗೆ ಕ್ಯಾನ್ಸರ್ ಇದೆಯೆಂದು ಹೇಳದಿರುವುದೇ ತಮ್ಮ ರೂಢಿ ಎಂದಿದ್ದರು. ನಮಗೆ ಇದು ಅಪರಿಚಿತವಲ್ಲ. ಅಜ್ಜಿಗೆ ಹೇಳಬೇಡಿ ಡಾಕ್ಟ್ರೇ, ಹೇಳಿದರೆ ಧೈರ್ಯ ಕುಸಿದುಹೋಗುತ್ತದೆ ಎಂದು ಮಕ್ಕಳು ವೈದ್ಯರ ಕೋಣೆಯ ಹೊರಗೆ ನಿಂತು ಬೇಡಿಕೊಳ್ಳುವುದು ಕರ್ನಾಟಕದ ಆಸ್ಪತ್ರೆಗಳಲ್ಲಿ ಇಂದಿಗೂ ಕಾಣುವ ದೃಶ್ಯ. ಆ ಮುಚ್ಚುಮರೆಯಲ್ಲಿ ಪ್ರೀತಿ ಇರಬಹುದು, ಭಯವೂ ಇರಬಹುದು. ಆದರೆ ಮನೆಯವರು ಮುಚ್ಚಿಡುವುದು ಅಜ್ಜಿಗೋಸ್ಕರ. ಬ್ರೂಕ್ಲಿನ್‌ನಲ್ಲಿ ಮುಚ್ಚಿಟ್ಟದ್ದು ಯಾರಿಗೋಸ್ಕರ?

ರೀಜೆಂಟರು ಕೈ ಇಟ್ಟದ್ದು ಸರಿಯಾಗಿ ಇದೇ ಜಾಗದಲ್ಲಿ. ಚಿಕಿತ್ಸೆ ಕೊಡುವ ವೈದ್ಯನಿಗೆ ರೋಗಿಯ ಹಿತಕ್ಕಾಗಿ ಏನನ್ನಾದರೂ ಹೇಳದೆ ಇರುವ ವಿವೇಚನೆ ಇರಬಹುದು. ಇಲ್ಲಿ ರೋಗಿಗೆ ಚಿಕಿತ್ಸೆಯೇ ನಡೆಯುತ್ತಿರಲಿಲ್ಲ, ಅವನಿಗೆ ಲಾಭವೂ ಇರಲಿಲ್ಲ. ಹಾಗಿರುವಾಗ ಆ ವಿವೇಚನೆ ಸಂಶೋಧಕನಿಗೆ ಎಲ್ಲಿಂದ ಬಂತು? ಒಪ್ಪಬೇಕೋ ಬೇಡವೋ ಎಂಬ ತೀರ್ಮಾನವನ್ನು ಅಲುಗಿಸಬಲ್ಲ ಯಾವ ಸಂಗತಿಯನ್ನೂ ಮುಚ್ಚಿಡುವಂತಿಲ್ಲ. ಆ ಭಯ ವಿಜ್ಞಾನದ ಕಣ್ಣಿಗೆ ಆಧಾರವಿಲ್ಲದ್ದಾಗಿದ್ದರೂ ಸರಿ, ಹೆದರಿ ಬೇಡ ಎನ್ನುವ ಹಕ್ಕು ರೋಗಿಯದು. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಜೀವಾಳ ಇದೇ. ಯಾರಿಗೂ ಏನೂ ಆಗಲಿಲ್ಲವಲ್ಲ ಎಂಬ ವಾದ ಅಲ್ಲಿ ಬಿದ್ದುಹೋಯಿತು. ಹಾನಿಯಾಗದಿದ್ದರೂ ಅನ್ಯಾಯ ಅನ್ಯಾಯವೇ ಎಂದು ಒಂದು ಅಧಿಕೃತ ಸಂಸ್ಥೆ ಬರೆದಿಟ್ಟಿತು.

ಅಪಾಯವೇ ಇಲ್ಲ ಎಂಬ ಮಾತೂ ಪೂರ್ತಿ ನಿಜವಾಗಿರಲಿಲ್ಲ. ಅದೇ ವರ್ಷಗಳಲ್ಲಿ ಬೇರೆ ಸಂಶೋಧಕರು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಿಂದ ಸಾಯುತ್ತಿದ್ದ ಮಗಳ ಗೆಡ್ಡೆಯ ತುಣುಕನ್ನು ಅವಳ ತಾಯಿಯ ದೇಹಕ್ಕೆ ಕಸಿ ಮಾಡಿದ್ದರು. ತಾಯಿಗೆ ವಿಷಯ ಹೇಳಿದ್ದರು, ಆಕೆ ಒಪ್ಪಿದ್ದರು. ಮಗಳು ಮರುದಿನವೇ ತೀರಿಕೊಂಡಳು. ಕಸಿಯಾದ 451ನೇ ದಿನ ತಾಯಿಯೂ ಅದೇ ಮೆಲನೋಮಾ ಹರಡಿ ಸತ್ತರು.

ಶಿಕ್ಷೆ ಮಾತ್ರ ಹಗುರವಾಗಿತ್ತು. ವಂಚನೆ ಮತ್ತು ವೃತ್ತಿಗೆ ತಕ್ಕುದಲ್ಲದ ನಡತೆಗಾಗಿ ಇಬ್ಬರ ಪರವಾನಗಿಯನ್ನೂ ಒಂದು ವರ್ಷ ಅಮಾನತಿನಲ್ಲಿಡಬೇಕೆಂದು ತೀರ್ಮಾನವಾಯಿತು. ಆದರೆ ಅದನ್ನು ಜಾರಿ ಮಾಡದೆ ತಡೆಹಿಡಿದು ನಿಗಾ ಅವಧಿಯಾಗಿ ಬದಲಿಸಿದರು. ಇಬ್ಬರೂ ವೃತ್ತಿ ಮುಂದುವರಿಸಿದರು. ಕೆಲವೇ ವರ್ಷಗಳಲ್ಲಿ ಸೌಥಮ್ ಅಮೆರಿಕದ ಕ್ಯಾನ್ಸರ್ ಸಂಶೋಧಕರ ಸಂಘದ ಅಧ್ಯಕ್ಷರಾಗಿಯೂ ಆಯ್ಕೆಯಾದರು. ಸಹೋದ್ಯೋಗಿಗಳ ಕಣ್ಣಿನಲ್ಲಿ ಅವರು ತಪ್ಪಿತಸ್ಥರಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬದಲಾದದ್ದು ಹಣ ಕೊಡುವವರ ಮನಸ್ಸು. ಸೌಥಮ್ ಅವರ ಕೆಲಸಕ್ಕೆ ಸರ್ಕಾರದ ಸಾರ್ವಜನಿಕ ಆರೋಗ್ಯ ಇಲಾಖೆಯ ನೆರವಿತ್ತು. ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕ ಜೇಮ್ಸ್ ಶಾನನ್ ಈ ಸುದ್ದಿ ಕೇಳಿ ಬೆಚ್ಚಿದರು. ತಾವು ಹಣ ಕೊಡುವ ಸಂಸ್ಥೆಗಳಲ್ಲಿ ಪ್ರಯೋಗಕ್ಕೊಳಗಾಗುವ ಮನುಷ್ಯರ ರಕ್ಷಣೆಗೆ ಏನು ವ್ಯವಸ್ಥೆಯಿದೆ ಎಂದು ನೋಡಿದರೆ ಬಹುತೇಕ ಕಡೆ ಏನೂ ಇರಲಿಲ್ಲ. ಆ ದಶಕದ ಆರಂಭದಲ್ಲಿ ಉತ್ತರ ಕೊಟ್ಟ 52 ವೈದ್ಯಕೀಯ ವಿಭಾಗಗಳಲ್ಲಿ ಒಂಬತ್ತರಲ್ಲಿ ಮಾತ್ರ ಇದಕ್ಕೊಂದು ಲಿಖಿತ ಕ್ರಮವಿತ್ತು. 1966ರ ಫೆಬ್ರವರಿ 8ರಂದು ಸರ್ಜನ್ ಜನರಲ್ ವಿಲಿಯಂ ಸ್ಟುವರ್ಟ್ ಹೊಸ ನಿಯಮ ಹೊರಡಿಸಿದರು. ಸರ್ಕಾರದ ಹಣದಲ್ಲಿ ಮನುಷ್ಯರ ಮೇಲೆ ಸಂಶೋಧನೆ ನಡೆಯಬೇಕಾದರೆ ಮೊದಲು ಆ ಸಂಸ್ಥೆಯ ಸಮಿತಿಯೊಂದು ಯೋಜನೆಯನ್ನು ಪರಿಶೀಲಿಸಬೇಕು, ಅಪಾಯ ಮತ್ತು ಲಾಭವನ್ನು ತೂಗಬೇಕು, ಒಪ್ಪಿಗೆ ಪಡೆಯುವ ರೀತಿಯನ್ನು ನೋಡಬೇಕು. ಇಂದು ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿರುವ ಎಥಿಕ್ಸ್ ಕಮಿಟಿಯ ವಂಶಾವಳಿಯಲ್ಲಿ ಈ ನಿಯಮಕ್ಕೆ ದೊಡ್ಡ ಸ್ಥಾನವಿದೆ.

ಅದೇ ವರ್ಷದ ಜೂನ್‌ನಲ್ಲಿ ಹಾರ್ವರ್ಡ್‌ನ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಹೆಸರಾಂತ ವೈದ್ಯಕೀಯ ನಿಯತಕಾಲಿಕದಲ್ಲಿ ಒಂದು ಲೇಖನ ಬರೆದರು. ಒಪ್ಪಿಗೆಯಿಲ್ಲದೆಯೋ ಅಪಾಯವನ್ನು ಲೆಕ್ಕಿಸದೆಯೋ ನಡೆದ 22 ಪ್ರಯೋಗಗಳನ್ನು ಅದರಲ್ಲಿ ಹೆಸರಿಲ್ಲದೆ ವಿವರಿಸಿದ್ದರು. ಬ್ರೂಕ್ಲಿನ್ ಅವುಗಳಲ್ಲೊಂದು, ತಾಯಿ-ಮಗಳ ಮೆಲನೋಮಾ ಇನ್ನೊಂದು. ಬದಲಾವಣೆಗೆ ಯಾರು ಕಾರಣ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಡೇವಿಡ್ ರಾತ್‌ಮನ್ ಬೀಚರ್ ಅವರ ದಿಟ್ಟತನಕ್ಕೆ ಹೆಚ್ಚಿನ ತೂಕ ಕೊಡುತ್ತಾರೆ. ಲಾರಾ ಸ್ಟಾರ್ಕ್ ಹೇಳುವುದು ಬೇರೆ. ಇಂಥ ಸಮಿತಿಗಳು ಸರ್ಕಾರದ ಸಂಶೋಧನಾ ಆಸ್ಪತ್ರೆಯೊಳಗೆ 1953ರಿಂದಲೇ ಇದ್ದವು, ಅವನ್ನು ಎಲ್ಲೆಡೆ ಹರಡುವಾಗ ರೋಗಿಯ ರಕ್ಷಣೆಯಷ್ಟೇ ಸಂಸ್ಥೆಗಳು ಕೋರ್ಟು ಕಚೇರಿಯಿಂದ ತಮ್ಮನ್ನು ಉಳಿಸಿಕೊಳ್ಳುವುದೂ ಮುಖ್ಯವಾಗಿತ್ತು ಎನ್ನುತ್ತಾರೆ ಅವರು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಮೂವರು ಕಿರಿಯ ವೈದ್ಯರು ಸುಮ್ಮನಿದ್ದು, ಹೈಮನ್ ಕೋರ್ಟಿಗೆ ಹೋಗದೆ ಇದ್ದಿದ್ದರೆ ಶಾನನ್ ಅವರ ಮೇಜಿನ ಮೇಲೆ ಆ ಸುದ್ದಿ ಬರುತ್ತಿರಲಿಲ್ಲ ಎಂಬುದನ್ನು ಇಬ್ಬರೂ ಅಲ್ಲಗಳೆಯಲಾರರು.

ನಂತರದ್ದು ಹೆಚ್ಚು ಪರಿಚಿತ. ಅಲಬಾಮಾದ ಟಸ್ಕೀಗೀಯಲ್ಲಿ ಕಪ್ಪು ಗಂಡಸರ ಸಿಫಿಲಿಸ್‌ಗೆ ಮದ್ದು ಕೊಡದೆ ದಶಕಗಟ್ಟಲೆ ನೋಡುತ್ತ ಕುಳಿತದ್ದು 1972ರಲ್ಲಿ ಬಯಲಾಯಿತು. 1974ರಲ್ಲಿ ಮನುಷ್ಯರ ಮೇಲಿನ ಸಂಶೋಧನೆಗೆ ಕಾನೂನು ಬಂತು, 1979ರಲ್ಲಿ ಅಂಥ ಸಂಶೋಧನೆಯ ನೀತಿಯನ್ನು ವಿವರಿಸಿದ ಬೆಲ್ಮಾಂಟ್ ವರದಿ. ಅದೇ ವರ್ಷ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ ಶೇ 97 ವೈದ್ಯರು ರೋಗಿಗೆ ಕ್ಯಾನ್ಸರ್ ಇದೆಯೆಂದು ಹೇಳುವುದೇ ಸರಿ ಎಂದರು. ಹದಿನೆಂಟು ವರ್ಷದಲ್ಲಿ ಒಂದು ವೃತ್ತಿಯ ಮನಸ್ಸು ತಲೆಕೆಳಗಾಗಿತ್ತು.

ಭಾರತಕ್ಕೆ ಈ ಪಾಠ ಬಂದದ್ದು ನಿಧಾನವಾಗಿ, ನೋವು ಕೊಟ್ಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲೇ ನೀತಿ ಹೇಳಿಕೆ ಹೊರಡಿಸಿತ್ತು. ಆದರೆ ಅದೇ ಮಂಡಳಿಯ ಅಡಿಯಲ್ಲಿ ದೆಹಲಿಯಲ್ಲಿ 1970ರ ದಶಕದಲ್ಲಿ ತೊಡಗಿದ ಅಧ್ಯಯನವೊಂದು 1997ರಲ್ಲಿ ಬೆಳಕಿಗೆ ಬಂತು. ಗರ್ಭಕೊರಳಿನಲ್ಲಿ ಕ್ಯಾನ್ಸರ್‌ಗೆ ಮುನ್ನಿನ ಬದಲಾವಣೆಗಳಿದ್ದ 1,100ಕ್ಕೂ ಹೆಚ್ಚು ಮಹಿಳೆಯರನ್ನು, ಅವು ಹೇಗೆ ಮುಂದುವರಿಯುತ್ತವೆ ಎಂದು ತಿಳಿಯಲು, ಚಿಕಿತ್ಸೆ ಕೊಡದೆ ಗಮನಿಸಲಾಗಿತ್ತು. ಕೆಲವರಲ್ಲಿ ಅದು ಕ್ಯಾನ್ಸರಾಗಿ ಬೆಳೆದಿತ್ತು. ಲಿಖಿತ ಒಪ್ಪಿಗೆ ಪಡೆದಿರಲಿಲ್ಲ, ಬಾಯಿಮಾತಿನಲ್ಲಿ ಕೇಳಿದ್ದೆವು, ಇಂಥ ಬದಲಾವಣೆಗಳೆಲ್ಲ ಕ್ಯಾನ್ಸರಾಗುತ್ತವೆಂದು ಆಗ ಖಚಿತವಿರಲಿಲ್ಲ ಎಂಬ ಸಮರ್ಥನೆ ಬಂತು. ಬ್ರೂಕ್ಲಿನ್‌ನ ವಿಚಾರಣೆಯನ್ನು ಓದಿದವರಿಗೆ ಈ ಮಾತುಗಳು ಹಳೆಯವು. 2000ದಲ್ಲಿ ಮಂಡಳಿ ವಿವರವಾದ ಮಾರ್ಗಸೂಚಿ ಪ್ರಕಟಿಸಿತು.

ಆದರೆ ಆ ಹೊತ್ತಿಗಾಗಲೇ ನೆರೆಯ ಕೇರಳದಲ್ಲಿ ಇನ್ನೊಂದು ಪ್ರಸಂಗ ನಡೆದುಹೋಗಿತ್ತು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ 1999ರ ಕೊನೆಯಿಂದ 2000ದವರೆಗೆ ಬಾಯಿ ಕ್ಯಾನ್ಸರಿನ ಇಪ್ಪತ್ತಕ್ಕೂ ಹೆಚ್ಚು ರೋಗಿಗಳ ಗೆಡ್ಡೆಗೆ ಹೊಸ ರಾಸಾಯನಿಕವೊಂದನ್ನು ಚುಚ್ಚಲಾಗಿತ್ತು. ಅದು ಬಂದದ್ದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜೀವವಿಜ್ಞಾನ ಪ್ರಾಧ್ಯಾಪಕಿಯೊಬ್ಬರ ಪ್ರಯೋಗಾಲಯದಿಂದ, ಹೆನ್ರಿಯೆಟ್ಟಾ ಲ್ಯಾಕ್ಸ್ ಚಿಕಿತ್ಸೆಗೆ ಹೋಗಿದ್ದ ಅದೇ ಹೆಸರಿನ ಸಂಸ್ಥೆಯಿಂದ. ಕೇಂದ್ರದ ಒಳಗಿನವರೇ ಆದ ಡಾ. ವಿ. ಎನ್. ಭಟ್ಟತಿರಿ ಆಕ್ಷೇಪ ಎತ್ತಿದರು. 2001ರ ಜುಲೈಯಲ್ಲಿ ವಿಷಯ ಪತ್ರಿಕೆಗಳಿಗೆ ಬಂತು. ರೋಗಿಗಳು ಸಹಿ ಹಾಕಿದ್ದಾರೆ, ನಿಯಮ ಮೀರಿಲ್ಲ ಎಂದು ಕೇಂದ್ರ ವಾದಿಸಿತು. ಹಾಪ್‌ಕಿನ್ಸ್ ತಾನೇ ತನಿಖೆ ನಡೆಸಿ ಆ ವರ್ಷದ ನವೆಂಬರಿನಲ್ಲಿ ತನ್ನ ಸಮಿತಿಯ ಅನುಮತಿಯೇ ಇರಲಿಲ್ಲ, ಮನುಷ್ಯರಿಗೆ ಕೊಡುವ ಮುನ್ನ ಪ್ರಾಣಿಗಳಲ್ಲಿ ಸಾಕಷ್ಟು ಪರೀಕ್ಷೆಯೂ ಆಗಿರಲಿಲ್ಲ ಎಂದು ಒಪ್ಪಿತು. ಮನುಷ್ಯರ ಮೇಲಿನ ಸಂಶೋಧನೆಗಳಲ್ಲಿ ಮುಖ್ಯ ಸಂಶೋಧಕಿಯಾಗದಂತೆ ಆ ಪ್ರಾಧ್ಯಾಪಕಿಯನ್ನು ತಡೆಯಿತು. ಬ್ರೂಕ್ಲಿನ್‌ನಲ್ಲಿದ್ದಂತೆ ಇಲ್ಲೂ ಸತ್ಯ ಹೊರಬಂದದ್ದು ನಿಯಮದಿಂದಲ್ಲ, ಒಳಗಿದ್ದ ಒಬ್ಬರು ಬಾಯಿ ಬಿಟ್ಟದ್ದರಿಂದ.

ಲ್ಯಾಕ್ಸ್ ಕುಟುಂಬದ ಲೆಕ್ಕವೂ ಅಲ್ಲಿಗೆ ಮುಗಿಯಲಿಲ್ಲ. 2013ರಲ್ಲಿ ಹೀಲಾ ಕೋಶಗಳ ಜೀನೋಮನ್ನು ಜರ್ಮನಿಯ ಸಂಶೋಧಕರು ಮನೆಯವರನ್ನು ಕೇಳದೆ ಪ್ರಕಟಿಸಿದಾಗ ಪ್ರತಿಭಟನೆ ಎದ್ದಿತು. ಕೋಶಗಳ ಗುಟ್ಟಿನ ಜೊತೆಗೆ, ಬದುಕಿರುವ ಮೊಮ್ಮಕ್ಕಳ ವಂಶವಾಹಿ ಗುಟ್ಟೂ ಅದರಲ್ಲಿತ್ತು. ಆ ಆಗಸ್ಟಿನಲ್ಲಿ ಒಪ್ಪಂದವಾಗಿ, ಜೀನೋಮ್ ಮಾಹಿತಿ ಯಾರಿಗೆ ಕೊಡಬೇಕೆಂದು ನಿರ್ಧರಿಸುವ ಸಮಿತಿಯಲ್ಲಿ ಕುಟುಂಬದವರಿಗೂ ಜಾಗ ಸಿಕ್ಕಿತು. ಕೋಶಗಳನ್ನು ಮಾರಿ ಲಾಭ ಮಾಡಿದ ಕಂಪನಿಯೊಂದರ ಜೊತೆ 2023ರಲ್ಲಿ ರಾಜಿಯಾಯಿತು.

ಭಾರತದಲ್ಲಿ ಈಗ ಜಾರಿಯಲ್ಲಿರುವುದು 2019ರ ಹೊಸ ಔಷಧಿಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು. ಅದರ ಪ್ರಕಾರ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಕನಿಷ್ಠ ಅರ್ಧದಷ್ಟು ಸದಸ್ಯರು ಆ ಸಂಸ್ಥೆಗೆ ಸೇರದವರಾಗಿರಬೇಕು. ಒಬ್ಬ ಕಾನೂನು ಬಲ್ಲವರು, ಕನಿಷ್ಠ ಒಬ್ಬ ಮಹಿಳೆ, ವೈದ್ಯವೃತ್ತಿಗೆ ಸಂಬಂಧವಿಲ್ಲದ ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕು. ಕ್ಯಾನ್ಸರ್ ಔಷಧದ ಪ್ರಯೋಗಗಳಿಗೆ ರೋಗಿಗಳು ಸೇರುವ ಬೆಂಗಳೂರಿನಂಥ ಊರಿನಲ್ಲಿ ಆ ಸಾಮಾನ್ಯ ನಾಗರಿಕನ ಕೆಲಸ ಬಹಳ ದೊಡ್ಡದು. ಇಪ್ಪತ್ತು ಪುಟದ ಒಪ್ಪಿಗೆಪತ್ರದ ಕನ್ನಡ ಪ್ರತಿಯನ್ನು ಓದಿ, ಇದು ರಾಯಚೂರಿನಿಂದ ಬಂದ ರೈತನಿಗೆ ಅರ್ಥವಾಗುವುದಿಲ್ಲ, ಮತ್ತೆ ಬರೆದು ತನ್ನಿ ಎಂದು ಹೇಳಬಲ್ಲವರು ಅವರೇ. ಆ ಕುರ್ಚಿಯಲ್ಲಿ ಕೂರುವವರಿಗೆ ತರಬೇತಿ ಕೊಡಬೇಕು, ಅವರ ಮಾತಿಗೆ ತಜ್ಞರ ಮಾತಿನಷ್ಟೇ ತೂಕ ಸಿಗಬೇಕು, ಅವರ ಬೇಡ ಎಂಬ ಮಾತು ನಡಾವಳಿಯಲ್ಲಿ ದಾಖಲಾಗಬೇಕು. ಹೈಮನ್ ಕೇಳಿದ ದಾಖಲೆ ಕೈಗೆ ಬರಲು ನ್ಯೂಯಾರ್ಕಿನಲ್ಲಿ ಮೂರು ನ್ಯಾಯಾಲಯಗಳನ್ನು ಹತ್ತಬೇಕಾಯಿತು. ಇಲ್ಲಿನ ಸಾಮಾನ್ಯ ಸದಸ್ಯರಿಗೆ ಪ್ರಯೋಗದ ಕಾಗದಗಳು ಅದು ತೊಡಗುವ ಮೊದಲೇ ಕೈಗೆ ಸೇರಬೇಕೆಂಬುದು ಕಾನೂನು. ಅವರು ಅವನ್ನು ಬಿಡಿಸಿ ಓದಬೇಕು.